ನೀಲಿಯ ಬಾನಿಗೆ ಬುಗ್ಗೆಯ ಕಾವು

ಬೆಳಗಾದರೆ ನನ್ನ ಸೋದರತ್ತೆ ಬಸಲಿಂಗತ್ತೆ ನೂಲಿಗೆ ಬಣ್ಣ ಕಟ್ಟುವ ದೊಡ್ಡ ಮಣ್ಣಿನ ಪಾತ್ರೆಗೆ, ನೀಲಿಯ ಬಾನಿಗೆ, ಅಂಗೈ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಬೆಚ್ಚಗಿದ್ದರೆ ಮುಖ ಅರಳುತ್ತಿತ್ತು. ಆರಿದ್ದರೆ ಮನೆಯಲ್ಲಿ ಯಾರೂ ಅವಳ ತಂಟೆಗೆ ಹೋಗುತ್ತಿರಲಿಲ್ಲ. ನೀಲಿ ಹುದುಗುವಷ್ಟು ದಿನ ನಮ್ಮ ಬಣ್ಣಗಾರರ ಮನೆಯಲ್ಲಿ ಆ ಬಾನಿಗೆ ಬಾಣಂತಿಯ ಉಪಚಾರ: ಕಂಬಳಿಯ ಹೊದಿಕೆ, ಅರಿಶಿನದ ಬೊಟ್ಟು, ಗಾಳಿ ಸೋಕದ ಕೋಣೆ. ಥಂಡಿ ಹಿಡಿದರೆ ಹುದುಗು ಸಾಯುತ್ತಿತ್ತು. ಮೊಸರಿನ ಹೆಪ್ಪಿನಂತೆ ಅತ್ತೆಯ ತಾಯಿ ಉಳಿಸಿಕೊಟ್ಟುಹೋದ ಹುದುಗು ಅದು. ಕಳೆದುಕೊಂಡರೆ ಮತ್ತೆ ಕೇಳಿ ತರಲು ಸುತ್ತಲಿನ ಯಾವ ಊರಲ್ಲೂ ಇರಲಿಲ್ಲ.

ನಾನು ಚೊಚ್ಚಲ ಬಾಣಂತನಕ್ಕೆ ತವರಿನಲ್ಲಿದ್ದ ವರ್ಷ ಬಾನಿ ಬೆಚ್ಚಗಿಡಲು ಸೌದೆ ಸಿಗದಾಯಿತು. ಚಿಕ್ಕಪ್ಪ ಮುರಿಗೆಪ್ಪ ಎದೆಯುಬ್ಬಿಸಿಕೊಂಡು ಮಾಳಿಗೆಯ ಮೇಲೆ ಸೌರಫಲಕ ಕೂರಿಸಿದ, ಹಿತ್ತಿಲಲ್ಲಿ ಗಾಳಿಯಂತ್ರ ನಿಲ್ಲಿಸಿದ. ದೀಪಗಳು ಉರಿದವು, ಬಾನಿಯೂ ಬೆಚ್ಚಗಾಯಿತು. ಆಮೇಲೆ ಮೋಡ ಮುಚ್ಚಿಕೊಂಡು ಕೂತಿತು, ಗಾಳಿಯೂ ನಿಂತುಹೋಯಿತು.

ಅತ್ತೆ ಬಾನಿಗೆ ಕೈಯಿಟ್ಟವಳು ಸರಕ್ಕನೆ ತೆಗೆದಳು, ಬಾನಿ ಆರತೊಡಗಿತ್ತು. ಅಳುವ ಹೆಂಗಸಲ್ಲ ಅವಳು, ಅವತ್ತು ಅತ್ತಳು.

"ಅಕ್ಕಾ, ಬುಗ್ಗಿ ನೀರು ಕೊಳವ್ಯಾಗ ತಂದು ಬಾನಿ ಸುತ್ತ ಹರಿಸೋಣೇನು?" ಚಿಕ್ಕಪ್ಪ ಹೆದರುತ್ತಲೇ ಕೇಳಿದ.

ಊರ ಮೇಲಿನ ದಿಬ್ಬದಲ್ಲಿ ನೆಲದೊಳಗಿನ ಕಾವಿಗೆ ಆ ಬುಗ್ಗೆ ಸದಾ ಹಬೆಯಾಡುತ್ತಿತ್ತು. ಆದರೆ ಅದು ಬಾಣಂತಿಯರ ಸ್ನಾನಕ್ಕೆ ಮೀಸಲು, ಗಂಡಸರು ಅತ್ತ ಹಾಯುವಂತಿರಲಿಲ್ಲ. ಹಾಗಾಗಿ ಅಲ್ಲಿಯತನಕ ಅದು ಚಿಕ್ಕಪ್ಪನ ಲೆಕ್ಕಕ್ಕೇ ಬಂದಿರಲಿಲ್ಲ.

"ನಾಲಿಗಿ ಬಿಗಿ ಹಿಡಿ, ಮುರಿಗ್ಯಾ. ಅದು ಬಾಣಂತ್ಯಾರ ನೀರು."

ನನಗೆ ರೇಗಿತು. "ಅತ್ತಿ, ಇದಕ್ಕ ಕಂಬಳಿ ಹೊಚ್ಚೀದಿ, ಅರಿಶಿಣ ಹಚ್ಚೀದಿ. ಮತ್ತ ನೀರಿಗೆ ಮಾತ್ರ ಇದು ಬಾಣಂತಿ ಅಲ್ಲೇನು? ನನ್ನ ಪಾಲಿನ ನೀರು ಇದಕ್ಕ ಕೊಡು."

ಅತ್ತೆ ನನ್ನನ್ನೂ ಮಗ್ಗುಲಿನ ಕೂಸನ್ನೂ ನೋಡಿದಳು. ಮೂಗು ಒರೆಸಿಕೊಂಡು ನಕ್ಕುಬಿಟ್ಟಳು. "ಬಾಯಿ ಮಾತ್ರ ನಮ್ಮವ್ವಂದೇ ಬಂದೈತಿ ನಿನಗ."

ಬುಗ್ಗೆಯ ಬಳಿ ಓಣಿಯ ಹೆಂಗಸರೇ ಕೊಳವೆ ಜೋಡಿಸಿದರು. ಚಿಕ್ಕಪ್ಪ ದಿಬ್ಬದ ಕೆಳಗೆ ಬೆನ್ನು ತಿರುಗಿಸಿ ನಿಂತು, ಹಾಗಲ್ಲ ಹೀಗೆ ಎಂದು ಗಂಟಲು ಹರಿದುಕೊಳ್ಳುತ್ತಿದ್ದ.

"ಸೂರ್ಯ ಮೋಡ ಇಲ್ಲಂದ್ರ ಬರ್ತಾನ, ಗಾಳಿ ಮನಸ್ಸಾದ್ರ ಬರ್ತೈತಿ. ಈ ತಾಯಿ ಯಾವಾಗ್ಲೂ ಮನ್ಯಾಗೇ ಇರ್ತಾಳ," ಅಂದಳು ಅತ್ತೆ.

"ಖರೆ ಅಕ್ಕಾ. ಆದ್ರ ಸೂರ್ಯ ಎಲ್ಲಾ ಊರಿಗೂ ಹೋಗ್ತಾನ. ಬುಗ್ಗಿ ಎಲ್ಲಾ ಊರಾಗ ಎಲ್ಲೈತಿ?"

ಅದೂ ಸುಳ್ಳಲ್ಲ.

ಮೋಡ ಕದಲಲಿಲ್ಲ, ಬುಗ್ಗೆಯ ನೀರು ಬಾನಿಯ ಸುತ್ತ ಹರಿಯುತ್ತಲೇ ಇತ್ತು. ಅತ್ತೆ ದಿನವೂ ಬಾನಿಗೆ ಅಂಗೈ ಇಟ್ಟು ನೋಡುತ್ತಿದ್ದಳು. ಒಂದು ಬೆಳಗ್ಗೆ ಬಿಳಿ ನೂಲಿನ ಲಡಿಯೊಂದನ್ನು ಇಳಿಸಿ, ಕಾದು, ಮೇಲೆತ್ತಿದಳು. ಲಡಿ ಹಸಿರಾಗಿತ್ತು. ಅಷ್ಟಕ್ಕೇ ನಂಬುವಂತಿರಲಿಲ್ಲ, ಹುದುಗಿಗೆ ಜೀವವಿದ್ದರೆ ಗಾಳಿ ಸೋಕಿದೊಡನೆ ಹಸಿರು ನೀಲಿಗೆ ತಿರುಗಬೇಕು.

"ಏ ಮುರಿಗ್ಯಾ, ಬಾಗಿಲಾ ತಗಿ. ಇನ್ನ ನಿನ್ನ ಗಾಳೀದು ಕೆಲಸ."

ಚಿಕ್ಕಪ್ಪ ಎರಡೂ ಕದ ತೆರೆದ. ಅತ್ತೆ ಎತ್ತಿ ಹಿಡಿದ ಲಡಿ ತುದಿಯಿಂದ ಮೊದಲಾಗಿ, ಎಳೆ ಎಳೆಯಾಗಿ, ನೀಲಿಯಾಗುತ್ತ ಬಂತು.