ಗೋಧಿಯ ಕುಂಡಗಳು

ಮುದುಕ ಗೋಧಿಯ ಎಲೆಯನ್ನು ಬೆರಳಿನಿಂದ ಎತ್ತಿ ಅಡಿಮೈ ನೋಡಿದವನೇ, "ಅಯ್ಯೋ ನನ್ನ ಮಗಳೇ!" ಎಂದು ಗಾಜಿನ ಮನೆಯ ಗಾಜುಗಳೆಲ್ಲ ಅದುರುವಂತೆ ಕೂಗಿಕೊಂಡ. ಹೇನು! ಲೋಕದ ಹೇನುಗಳೆಲ್ಲ ಬಿಡಾರ ಕಿತ್ತುಕೊಂಡು ಬಂದು ಈ ಒಂದು ಎಲೆಯ ಕೆಳಗೆ ಸಂಸಾರ ಹೂಡಿದ್ದವು. ಮುತ್ತಜ್ಜಿಯಿಂದ ಹಿಡಿದು ಇವತ್ತು ಹುಟ್ಟಿದ ಕೂಸಿನವರೆಗೆ ಸಾಲಾಗಿ ಕೂತು, ಯಾವ ನಾಚಿಕೆಯೂ ಇಲ್ಲದೆ ರಸ ಹೀರುತ್ತಿದ್ದವು. ಪಕ್ಕದ ಕುಂಡ ನೋಡಿದ. ಅಲ್ಲೂ ಅದೇ ಕತೆ. ಆಳೆತ್ತರ ಬೆಳೆದ ದೊಣ್ಣೆಮೆಣಸಿನ ಸಾಲುಗಳ ನಡುನಡುವೆ ತಂತಿಗೆ ನೇತುಹಾಕಿದ್ದ ಗೋಧಿ ಪೈರಿನ ಕುಂಡಗಳಲ್ಲೆಲ್ಲ ಹೇನಿನ ಸಂತೆ ನೆರೆದಿತ್ತು.

ಜನ ಅವನನ್ನು ಪಿಚಕಾರಿ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ. ಬೆನ್ನಿಗೆ ಔಷಧಿಯ ಪಂಪು ಕಟ್ಟಿಕೊಂಡೇ ಹುಟ್ಟಿದವನು ಎಂದು ನಂಬಿದವರಿದ್ದರು. ಮದುವೆಯ ದಿನವೂ ಅದನ್ನು ಇಳಿಸಲು ಒಪ್ಪಲಿಲ್ಲ ಎಂದು ಅವನ ಹೆಂಡತಿ ಬದುಕಿರುವವರೆಗೂ ಹೇಳಿ ನಗಿಸುತ್ತಿದ್ದಳು. ಅವನು ತೋಟದ ಗೇಟಿಗೆ ಬಂದನೆಂದರೆ ಮೂರು ತೋಟದಾಚೆಯ ಹುಳುಗಳೂ ಗಂಟುಮೂಟೆ ಕಟ್ಟುತ್ತಿದ್ದವು. ಅವನು ಹೊಡೆದ ಔಷಧಿ ಎಲೆಯ ಮೇಲೆ ಮಂಜಿನ ಹಾಗೆ ಕೂರುತ್ತಿತ್ತೇ ಹೊರತು, ಒಂದು ಹನಿ ನೆಲಕ್ಕೆ ತೊಟ್ಟಿಕ್ಕಿದ್ದನ್ನು ಕಂಡವರು ಇನ್ನೂ ಹುಟ್ಟಿಲ್ಲ. ಇದರಲ್ಲಿ ಅರ್ಧ ಸುಳ್ಳೆಂದು ಕಳೆದರೂ, ಉಳಿದರ್ಧ ಬೇರೆ ಯಾವನ ಕೈಗೂ ನಿಲುಕುವಂಥದ್ದಲ್ಲ.

ಆದರೆ ಈಗ ಹೊಡೆಯುವ ಹಾಗಿರಲಿಲ್ಲ. ಔಷಧಿ ಹೊಡೆಯುವವರೆಲ್ಲ ಮತ್ತೆ ಪರೀಕ್ಷೆಗೆ ಕೂತು ಪರವಾನಗಿ ಹೊಸದು ಮಾಡಿಸಿಕೊಳ್ಳಬೇಕೆಂದು ಕಾಯಿದೆ ಬಂದಾಗ, "ನನ್ನ ಪರೀಕ್ಷೆ ಮಾಡೋನಿಗೆ ಪಂಪಿನ ಹಿಡಿ ಯಾವ ಕಡೆ ಇರತ್ತೆ ಅಂತ ಗೊತ್ತಾ?" ಎಂದು ಕೇಳಿ ಮನೆಯಲ್ಲೇ ಕೂತುಬಿಟ್ಟಿದ್ದ. ಅವನ ಅಚ್ಚುಮೆಚ್ಚಿನ ಕರಿ ಔಷಧಿಯನ್ನೂ ಅದೇ ವರ್ಷ ನಿಷೇಧಿಸಿದರು. ತೋಟದ ಕೆಳಗಿನ ಹಳ್ಳದಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲಿದ್ದವು. ಮನೆಮನೆಯಲ್ಲಿದ್ದ ಡಬ್ಬಗಳನ್ನು ಲಾರಿಯವರು ಬಂದು ಒಯ್ದರು. ಪಿಚಕಾರಿ ಒಂದನ್ನು ಬಿಟ್ಟು ಉಳಿದೆಲ್ಲವನ್ನೂ ಕೊಟ್ಟ. ಬೇರೆ ಗಂಡಸರು ಕಪಾಟಿನ ಹಿಂದೆ ಬಾಟಲಿ ಬಚ್ಚಿಡುತ್ತಾರಲ್ಲ, ಇವನು ಆ ಡಬ್ಬವನ್ನು ಹಾಗೆ ಬಚ್ಚಿಟ್ಟ.

ಗಾಜಿನ ಮನೆ ಈಗ ಮಗಳ ಕೈಯಲ್ಲಿತ್ತು. ಅವಳು ಇಡೀ ಬೆಳೆಗೆ ಒಂದು ತೊಟ್ಟು ಔಷಧಿ ಹೊಡೆದಿರಲಿಲ್ಲ. ಎಲ್ಲಿಂದಲೋ ಸಣ್ಣ ಸಣ್ಣ ಡಬ್ಬಿಗಳಲ್ಲಿ ಹುಳು ತರಿಸಿ ಗಿಡಗಳ ಮೇಲೆ ಬಿಡುತ್ತಿದ್ದಳು. ಅದನ್ನು ವಿವರಿಸಲು ಬಂದಾಗಲೆಲ್ಲ ಅಪ್ಪ, "ಕಳ್ಳನ ಕಾವಲಿಗೆ ಅವನ ತಮ್ಮನ್ನ ನಿಲ್ಸಿದ್ದೀಯಾ ಬಿಡು" ಎಂದು ಎದ್ದು ಹೋಗುತ್ತಿದ್ದ. ನಾಳೆ ಬೆಳಿಗ್ಗೆ ಕೃಷಿ ಕಚೇರಿಯಿಂದ ಕಾಯಿಯ ಮಾದರಿ ಒಯ್ಯಲು ಬರುವವರಿದ್ದರು. ಅದು ಶುದ್ಧವೆಂದು ಬಂದರೆ ದೊಡ್ಡ ಅಂಗಡಿಯವರು ವರ್ಷವರ್ಷವೂ ಇವಳ ಬೆಳೆಯನ್ನೇ ಕೊಳ್ಳುತ್ತಾರೆ, ಗಾಜಿನ ಮನೆ ಉಳಿಯುತ್ತದೆ. ಇಲ್ಲವಾದರೆ ಬಾಗಿಲಿಗೆ ಬೀಗ.

ಅಂಥ ದಿನವೇ ಅವಳು ಬೆಳೆಗಾರರ ಸಭೆಗೆ ಹೋಗಬೇಕಾಗಿ ಬಂದು, ದಾರಿಯಿಂದ ಫೋನ್ ಮಾಡಿದ್ದಳು. "ಅಪ್ಪ, ಮೇಲಿನ ಕಿಟಕಿಗಳು ತೆರ್ಕೊಂಡಿವೆಯಾ ನೋಡ್ತೀಯಾ? ಬೀಗದ ಕೈ ಡಬ್ಬಿ ಅಕ್ಕನ ಹತ್ರ ಇದೆ. ನೋಡಿ ಬಂದ್ಬಿಡು. ಏನೂ ಮುಟ್ಬೇಡ."

"ಮುಟ್ಟೋಕೆ ನಂಗೇನು ಹುಚ್ಚಾ?" ಎಂದಿದ್ದ.

ಕಿಟಕಿಗಳು ತೆರೆದೇ ಇದ್ದವು. ಆದರೆ ಈ ಹೇನು? ಎರಡು ಸಲ ಫೋನ್ ಮಾಡಿದ, ಮಗಳು ಎತ್ತಲಿಲ್ಲ. ಪಾಪದ್ದು, ಹೇನು ಬಿದ್ದಿದೆ ಎಂದು ತನ್ನ ಮುಂದೆ ಹೇಳಿಕೊಳ್ಳಲು ನಾಚಿಕೊಂಡಿದ್ದಾಳೆ ಎಂದು ಅವನಿಗೆ ಹೊಳೆಯಿತು. ನಾಳೆ ಕಚೇರಿಯವರು ಬಂದು ಈ ಸಂತೆ ನೋಡಿದರೆ ಏನು ಗತಿ? ಇನ್ನು ಇವತ್ತೊಂದೇ ದಿನ. ಮುದುಕನ ಎದೆ, ಎಷ್ಟೋ ವರ್ಷಗಳ ನಂತರ, ಯಾರಿಗೋ ತಾನು ಬೇಕಾಗಿದ್ದೇನೆ ಎಂದು ಹೊಡೆದುಕೊಂಡಿತು.

ಪ್ಯಾಕಿಂಗ್ ಶೆಡ್ಡಿನ ಮುಂದೆ ರಟ್ಟಿನ ಡಬ್ಬಿ ಮಡಚುತ್ತ ಕೂತಿದ್ದ ಹೆಂಗಸನ್ನು ಎಲ್ಲರೂ ಡಬ್ಬಿ ಅಕ್ಕ ಎನ್ನುತ್ತಿದ್ದರು. ಅವನು ಮನೆಗೆ ಹೋಗಿ ಬೆನ್ನಿಗೆ ಪಂಪೇರಿಸಿಕೊಂಡು, ಬಚ್ಚಿಟ್ಟಿದ್ದ ಡಬ್ಬ ಹಿಡಿದು ಬರುವುದನ್ನು ಕಂಡು ಅವಳು ಕಣ್ಣರಳಿಸಿದಳು.

"ಏನ್ ಮಾವ, ಮತ್ತೆ ಮದುವೆಯಾ?"

"ಹೂಂ, ನಿನ್ನನ್ನೇ ಕೇಳೋಣ ಅಂತ ಬಂದೆ. ಬೀಗದ ಕೈ ನನ್ನ ಹತ್ರಾನೇ ಇರ್ಲಿ."

"ಅಲ್ಲಾ, ಅವಳು ಹೇಳಿದ್ಲಾ ಹೊಡಿ ಅಂತ?"

"ನನ್ನ ಮಗಳು ನಂಗೆ ಬಾಯಿಬಿಟ್ಟು ಹೇಳ್ಬೇಕಾ? ನಿನ್ನ ಡಬ್ಬಿ ನೋಡ್ಕೊ."

ಆ ಮಧ್ಯಾಹ್ನ ಅವನು ಹೊಡೆದ ಹಾಗೆ ಭೂಮಿಯ ಮೇಲೆ ಯಾರೂ ಹೊಡೆದಿಲ್ಲ, ಇನ್ನು ಹೊಡೆಯುವುದೂ ಇಲ್ಲ. ಬೆಳಿಗ್ಗೆ ಚಹದ ಲೋಟ ಹಿಡಿದರೆ ಅರ್ಧ ಚೆಲ್ಲುವಷ್ಟು ನಡುಗುತ್ತಿದ್ದ ಕೈ, ಪಂಪಿನ ನಳಿಕೆ ಹಿಡಿದದ್ದೇ ಕಲ್ಲಿನ ಹಾಗೆ ನಿಂತುಬಿಟ್ಟಿತು. ಮೊದಲು ಗೋಧಿಯ ಕುಂಡಗಳು. ಹೇನುಗಳು ಕಾಲು ಮೇಲೆ ಮಾಡಿ ಉದುರಿದವು. ಆಮೇಲೆ, ಬಂದವನು ಅರೆಬರೆ ಮಾಡಿ ಹೋದ ಎನ್ನಿಸಿಕೊಳ್ಳಬಾರದಲ್ಲ, ಆಚೀಚೆಯ ಮೆಣಸಿನ ಸಾಲುಗಳು. ಎಲೆಯ ಮೇಲ್ಮೈ, ಅಡಿಮೈ, ಕಾಯಿಯ ತೊಟ್ಟಿನ ಸಂದು, ಯಾವುದನ್ನೂ ಬಿಡಲಿಲ್ಲ. ಕೆಂಪಗೆ ತಿರುಗುತ್ತಿದ್ದ ಕಾಯಿಗಳ ಮೇಲೆ ಸಣ್ಣ ಹನಿಗಳು ಬೆವರಿನಂತೆ ಕೂತವು. ಕೊನೆಗೆ ಪಂಪನ್ನು ಮೂರು ಸಲ ತೊಳೆದು, ತೊಳೆದ ನೀರನ್ನು ನೆಲದ ಚರಂಡಿಗೆ ಹರಿಸಿದ. ತೊಳೆಯದೆ ಪಂಪು ಎತ್ತಿಡುವವನನ್ನು ಅವನು ಮನುಷ್ಯರ ಲೆಕ್ಕಕ್ಕೇ ಸೇರಿಸುತ್ತಿರಲಿಲ್ಲ.

ಸಂಜೆ ಮಗಳು ಬಂದಾಗ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಗೆದ್ದ ರಾಜ್ಯವನ್ನು ನೋಡುವ ದೊರೆಯ ಹಾಗೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

"ಹೋಗಿ ನೋಡು. ಒಂದೇ ಒಂದು ಹೇನು ತೋರ್ಸು, ಮೀಸೆ ಬೋಳಿಸ್ಕೋತೀನಿ."

ಅವಳು ಬಾಗಿಲಲ್ಲೇ ನಿಂತುಬಿಟ್ಟಳು. ಸುಟ್ಟ ಬೆಳ್ಳುಳ್ಳಿಯಂಥ ಆ ವಾಸನೆ ಅವಳಿಗೆ ಚಿಕ್ಕಂದಿನಿಂದ ಗೊತ್ತು. ಅಪ್ಪ ಎತ್ತಿಕೊಂಡಾಗಲೆಲ್ಲ ಅವನ ಅಂಗಿಯಿಂದ ಬರುತ್ತಿತ್ತು. ಚೀಲ ಹೆಗಲಿಂದ ಜಾರಿ ನೆಲಕ್ಕೆ ಬಿತ್ತು. ಒಳಗೆ ಹೋಗಿ ಒಂದು ಕುಂಡದ ಎಲೆ ಎತ್ತಿದಳು. ಇನ್ನೊಂದು. ಮತ್ತೊಂದು. ಅಂಗೈಯ ಮೇಲೆ ಏನನ್ನೋ ಉದುರಿಸಿಕೊಂಡು ಬಂದು ಅಪ್ಪನ ಮುಂದೆ ಹಿಡಿದಳು. ಸೊಳ್ಳೆಗಿಂತ ಸಣ್ಣ, ಕೂದಲಿನ ತುಂಡಿನಂಥ, ಸತ್ತ ಕರಿ ಕಣಜಗಳು.

"ಆ ಕುಂಡದಲ್ಲಿ ಇದ್ದದ್ದು ಗೋಧಿ ಹೇನು, ಅಪ್ಪ. ಗೋಧಿ ಬಿಟ್ಟು ಬೇರೇನೂ ತಿನ್ನಲ್ಲ. ಮೆಣಸಿನ ಗಿಡದ ಮೇಲೆ ಬಿಟ್ರೆ ಹಸಿವಿಂದ ಸಾಯತ್ತೆ."

"ಮತ್ತೆ ಯಾಕೆ ಸಾಕಿದ್ದೆ?"

"ಈ ಕಣಜಗಳಿಗೆ ಊಟ ಅಂತ. ಮೆಣಸಿನ ಹೇನು ತಿನ್ನೋದು ಇವೇ. ಮೆಣಸಿನ ಹೇನು ಬರದೇ ಇರೋ ದಿನ ಇವು ಹಸ್ಕೊಂಡಿರಬಾರ್ದಲ್ಲ. ಗೋಧಿ ಹೇನನ್ನ ತಿನ್ಕೊಂಡು, ಇಲ್ಲೇ ಮರಿ ಮಾಡ್ಕೊಂಡು, ಕಾಯ್ತಾ ಇರ್ತಿದ್ವು." ಅವಳ ದನಿ ಏರಲಿಲ್ಲ. ಏರಿದ್ದರೆ ಮುದುಕನಿಗೆ ಸುಲಭವಾಗುತ್ತಿತ್ತು. "ಪಂಪು ಎಲ್ಲಿ ತೊಳೆದೆ?"

"ಚರಂಡಿಗೆ. ಮೂರು ಸಲ. ಚೆನ್ನಾಗಿ."

ಮಗಳು ಹೊಸ್ತಿಲ ಮೇಲೆ ಕೂತಳು. "ಈಗ ಆ ನೀರು ಹಳ್ಳಕ್ಕೆ ಹೋಗಲ್ಲ. ಬಿಡಬಾರ್ದು ಅಂತ ಕಾಯಿದೆ ಬಂದಾಗ ತೊಟ್ಟಿಗೆ ತಿರುಗ್ಸಿದ್ದೆ. ತೊಟ್ಟಿಯಿಂದ ವಾಪಸ್ ಎಲ್ಲಾ ಗಿಡದ ಬುಡಕ್ಕೆ."

ಗೋಡೆಯಾಚೆ ತೊಟ್ಟಿಯ ಮೋಟಾರು ಗೊಣಗುತ್ತಿತ್ತು. ಮುದುಕ ಎದ್ದು ನಿಂತ. "ಆಫ್ ಮಾಡು ಮತ್ತೆ! ಕೂತಿದ್ದೀಯಲ್ಲ!"

"ಮಧ್ಯಾಹ್ನದಿಂದ ಓಡ್ತಿದೆಯಲ್ಲಪ್ಪ," ಎನ್ನುತ್ತಲೇ ಎದ್ದು ಹೋಗಿ ಆರಿಸಿ ಬಂದಳು.

"ಆ ತುದಿ ಸಾಲಿಗೆ ನಾನು ಹೊಡೆದಿಲ್ಲ," ಎಂದ ಮುದುಕ. "ನಾಳೆ ಅಲ್ಲಿಂದ ಕಾಯಿ ಕಿತ್ತು ಕೊಡು."

"ಅಲ್ಲಿಗೂ ಅದೇ ನೀರು."

"ಹಾಗಾದ್ರೆ ಬೇರೆ ಯಾರದ್ದಾದ್ರೂ ತೋಟದಿಂದ..." ಮಗಳ ಮುಖ ನೋಡಿ ಮಾತು ಅಲ್ಲಿಗೇ ನಿಲ್ಲಿಸಿದ.

ಅವಳು ಅವನ ಕೈಗಳನ್ನು ನೋಡುತ್ತಿದ್ದಳು. "ಕೈ ತೊಳ್ಕೊಂಡ್ಯಾ?"

"ಹೂಂ."

"ಸೋಪು ಹಾಕಿ?"

ಅವನು ಕೈಗಳನ್ನು ಬೆನ್ನ ಹಿಂದೆ ಸರಿಸಿದ. ಅವಳು ಅವನನ್ನು ನಲ್ಲಿಯ ಬಳಿಗೆ ಕರೆದೊಯ್ದು, ಮೊಣಕೈವರೆಗೆ ಸೋಪು ಹಚ್ಚಿ, ಉಗುರಿನ ಸಂದುಗಳನ್ನೂ ಬಿಡದೆ ತಿಕ್ಕಿ ತೊಳೆದಳು. ಒರಟಾಗಿ ತಿಕ್ಕಿದಳು.

ಬೆಳಿಗ್ಗೆ ಕಚೇರಿಯಿಂದ ಬಂದದ್ದು ಕನ್ನಡಕ ಹಾಕಿದ ತೆಳ್ಳನೆಯ ಹೆಂಗಸು. ಮಾದರಿ ಒಯ್ಯುವ ತಣ್ಣನೆಯ ಪೆಟ್ಟಿಗೆಯನ್ನು ಅವಳು ಕೆಳಗಿಡುವ ಮೊದಲೇ ಮಗಳು ಅಡ್ಡ ನಿಂತಳು.

"ಮಾದರಿ ಬೇಡ ಮೇಡಂ. ನಿನ್ನೆ ಔಷಧಿ ಬಿದ್ದಿದೆ. ನಿಷೇಧ ಆಗಿರೋದು. ತೊಟ್ಟಿ ನೀರಿಗೂ ಸೇರಿದೆ."

ತಪಾಸಣೆಯವಳು ಕನ್ನಡಕ ಸರಿಮಾಡಿಕೊಂಡಳು. "ಯಾರು ಹೊಡೆದಿದ್ದು?"

"ನಾನೇ."

ಕುರ್ಚಿಯಲ್ಲಿದ್ದ ಮುದುಕ ತಲೆಯೆತ್ತಿದ. ತಪಾಸಣೆಯವಳು ಸಾಲುಗಳ ನಡುವೆ ಓಡಾಡಿ, ಎಲೆ ಮಗುಚಿ, ಭೂತಗನ್ನಡಿ ಹಿಡಿದು ನೋಡಿ ಬಂದಳು. "ಹೊಡೆದವರ ಬೆಳೆಗಾರ ಪರವಾನಗಿ ರದ್ದಾಗತ್ತೆ, ಗೊತ್ತಲ್ಲ? ಇನ್ಯಾವತ್ತೂ ಮಾರೋದಕ್ಕೆ ಅಂತ ಒಂದು ಕಾಯಿ ಬೆಳೆಯೋ ಹಾಗಿಲ್ಲ ನೀವು."

"ಗೊತ್ತು."

"ಇವಳಾ?" ಮುದುಕನ ದನಿ ಗಾಜಿಗೆ ಬಡಿದು ವಾಪಸ್ಸು ಬಂತು. "ಇವಳು ಹೊಡೆದಿದ್ದಾ? ಮೇಡಂ, ಇವಳಿಗೆ ನಳಿಕೆ ಹಿಡಿಯೋಕೇ ಬರಲ್ಲ! ಆ ಎಲೆ ನೋಡಿದ್ರಲ್ಲ, ಅಡಿಮೈ ನೋಡಿದ್ರಲ್ಲ, ಎಲ್ಲಾದ್ರೂ ಒಂದು ಹನಿ ಹೆಚ್ಚುಕಮ್ಮಿ ಆಗಿದೆಯಾ? ಹಾಗೆ ಹೊಡೆಯೋನು ಈ ಸೀಮೆಗೇ ಒಬ್ಬ ಇರೋದು."

"ಅಪ್ಪ, ಸುಮ್ನಿರು."

"ನೀನು ಸುಮ್ನಿರು. ಮೇಡಂ, ಔಷಧಿ ನಂದು, ಪಂಪು ನಂದು. ಪರವಾನಗಿ ಇಲ್ಲ. ಇವಳು ಊರಲ್ಲೇ ಇರ್ಲಿಲ್ಲ, ಬೇಕಾದ್ರೆ ಡಬ್ಬಿ ಅಕ್ಕನ್ನ ಕೇಳಿ."

ಅವನು ಜೀವಮಾನದಲ್ಲಿ ಕೊಚ್ಚಿಕೊಂಡ ಕೋಟಿ ಮಾತುಗಳಲ್ಲಿ ಒಂದು ಕೂದಲೆಳೆಯಷ್ಟೂ ಹೆಚ್ಚಿಸದೆ ಹೇಳಿದ್ದು ಇದೊಂದನ್ನೇ ಇರಬೇಕು. ತಪಾಸಣೆಯವಳು ಮಗಳ ಮುಖ ನೋಡಿದಳು. ಮಗಳು ನೆಲ ನೋಡಿದಳು. ಶೆಡ್ಡಿನ ಬಾಗಿಲಲ್ಲಿ ಡಬ್ಬಿ ಅಕ್ಕ ಸೆರಗಿನಿಂದ ಮೂಗೊರೆಸಿಕೊಂಡು ತಲೆಯಾಡಿಸಿದಳು.

ಮಗಳ ಪರವಾನಗಿ ಉಳಿಯಿತು. ಬೇರೆ ಏನೂ ಉಳಿಯಲಿಲ್ಲ. ಬೆಳೆ ಪೂರ್ತಿ ಕತ್ತರಿಸಿ ಒಣಗಿಸಿ ಕಚೇರಿಯ ಲಾರಿಗೆ ಒಪ್ಪಿಸಬೇಕು, ತೊಟ್ಟಿಯ ನೀರನ್ನೂ ಅವರೇ ಒಯ್ಯುತ್ತಾರೆ, ಮತ್ತೆ ನೀರು ಪರೀಕ್ಷೆಯಾಗಿ ಶುದ್ಧವೆಂದು ಬರುವವರೆಗೆ ಹೊಸ ಸಸಿ ನೆಡುವಂತಿಲ್ಲ. ದೊಡ್ಡ ಅಂಗಡಿಯವರು ಅಷ್ಟು ಕಾಲ ಕಾಯುವವರಲ್ಲ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಮುದುಕನ ಮೇಲೆ ಪ್ರಕರಣ ದಾಖಲಾಗುತ್ತದೆ. ಇನ್ನು ಮುಂದೆ ಅವನು ಗಾಜಿನ ಮನೆಯ ಹೊಸ್ತಿಲು ದಾಟಿದರೆ ಮಗಳ ಪರವಾನಗಿಗೂ ಕುತ್ತು.

"ಅಷ್ಟೇನಾ?" ಎಂದು ಮುದುಕ ಕೇಳಿದ, ಅಗ್ಗದಲ್ಲಿ ವ್ಯಾಪಾರ ಕುದುರಿಸಿದವನ ಹಾಗೆ. ಯಾರೂ ನಗಲಿಲ್ಲ.

ಮಾರನೆಯ ದಿನ ಮಗಳು ಕತ್ತರಿ ಹಿಡಿದು ಒಳಗೆ ಹೋದಳು. ಜೊತೆಗೆ ಬರುತ್ತೇನೆಂದ ಡಬ್ಬಿ ಅಕ್ಕನನ್ನು ಬೇಡವೆಂದು ಕಳಿಸಿದಳು. ಮುದುಕ ಹೊರಗಿನಿಂದ, ಗಾಜಿನ ಪಕ್ಕಪಕ್ಕದಲ್ಲೇ, ಅವಳು ಯಾವ ಸಾಲಿನಲ್ಲಿ ಹೋದರೆ ಆ ಸಾಲಿನ ನೇರಕ್ಕೆ ನಡೆಯುತ್ತಿದ್ದ. ಅವಳು ಬಗ್ಗಿ ಒಂದೊಂದೇ ಬುಡ ಕತ್ತರಿಸುತ್ತಿದ್ದಳು. ಕತ್ತರಿಯ ಸದ್ದು ಹೊರಗೆ ಕೇಳಿಸುತ್ತಿರಲಿಲ್ಲ. ಒಮ್ಮೆ ಅವಳು ಬೆನ್ನು ನೆಟ್ಟಗೆ ಮಾಡಿಕೊಳ್ಳಲು ನಿಂತಾಗ ಅವನು ಕೈಯೆತ್ತಿದ. ಗಾಜಿನ ಮೇಲೆ ಬಿಸಿಲು ಬಿದ್ದಿತ್ತು. ಅವಳಿಗೆ ಕಂಡಿತೋ ಇಲ್ಲವೋ.

ಕೊನೆಯ ಸಾಲು ಮುಗಿಸಿ ಅವಳು ಹಿಂಬಾಗಿಲಿನಿಂದ ಹೊರಟುಹೋದಳು. ಒಳಗೆ ಗಿಡಗಳು ಒಂದೂ ಬಿದ್ದಿರಲಿಲ್ಲ. ಬೇರಿನಿಂದ ಬೇರೆಯಾಗಿ, ಮೇಲಿನ ತಂತಿಗೆ ಕಟ್ಟಿದ ದಾರಗಳಲ್ಲಿ ನೇತಾಡುತ್ತ, ಸಾಲುಸಾಲಾಗಿ, ಎಲೆಗಳನ್ನು ಬಿಸಿಲಿಗೆ ಒಡ್ಡಿಕೊಂಡು, ಇನ್ನೂ ಹಸಿರಾಗಿಯೇ ನಿಂತಿದ್ದವು.