ಹನ್ನೊಂದು ಶನಿವಾರದ ಮೀನು

ಮೀನು ತಿನ್ನುವುದಿರಲಿ, ಮೀನಿನ ಅಂಗಡಿ ದಾಟುವಾಗ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದವಳು ನಾನು. ಅಂಥವಳು ಸುಂಕದಕಟ್ಟೆಯ ಅಂಗಡಿಯೊಂದರಲ್ಲಿ ನಿಂತು, "ಜೀವ ಇರೋದೇ ಕೊಡಪ್ಪ, ಎರಡು" ಎಂದು ಕೇಳಿದೆ. ಬೇರೆ ಮೀನುಗಳೆಲ್ಲ ಐಸಿನ ಮೇಲೆ ಸತ್ತು ಮಲಗಿದ್ದವು. ಟಬ್ಬಿನಲ್ಲಿ ಹೊರಳಾಡುತ್ತಿದ್ದದ್ದು ಮೀಸೆಯ ಕಪ್ಪು ಮೀನು ಮಾತ್ರ.

"ಇದು ನೀರಿಲ್ದಿದ್ರೂ ಬೇಗ ಸಾಯಲ್ಲ ಆಂಟಿ. ಗಟ್ಟಿ ಪ್ರಾಣ" ಎಂದ ಅಂಗಡಿಯವನು.

ನನಗೆ ಬೇಕಾಗಿದ್ದೂ ಗಟ್ಟಿ ಪ್ರಾಣವೇ. ಮಗಳು ಇಂಚರಾಗೆ ಏಳನೇ ತಿಂಗಳಿಗೇ ಹೆರಿಗೆಯಾಗಿತ್ತು. ಅಂಗೈಯಗಲದ ಹೆಣ್ಣುಮಗು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿತ್ತು. ಜ್ಯೋತಿಷಿ ವಿಶ್ವಾರಾಧ್ಯರು ಕವಡೆ ಹಾಕಿ ಹೇಳಿದ್ದು ಇಷ್ಟೇ: ಹನ್ನೊಂದು ಶನಿವಾರ, ಸಾಯಲಿರುವ ಮೀನನ್ನು ಕೊಂಡು ಕೆರೆಗೆ ಬಿಡಬೇಕು. ಮುಗಿಯುವವರೆಗೆ ಗಂಡನಿಗೂ ಹೇಳಬಾರದು, ಹೇಳಿದರೆ ಫಲ ಹೋಗುತ್ತದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ಇದನ್ನು ನಂಬಿದಳೇ ಎಂದು ನಗುವವರು ನಗಲಿ. ಆ ಗಾಜಿನ ಪೆಟ್ಟಿಗೆಯ ಮುಂದೆ ಒಮ್ಮೆ ನಿಂತವರು ನಗುವುದಿಲ್ಲ.

ಹಾಲಿನ ಕ್ಯಾನಿನಲ್ಲಿ ಮೀನು ಹಾಕಿಕೊಂಡು ಬಸ್ಸು ಹತ್ತಿ, ಉಲ್ಲಾಳದ ಆಚೆಯ ಕೆರೆಗೆ ಹೋಗಿ ಬಿಟ್ಟು ಬರುತ್ತಿದ್ದೆ. ಮನೆಯಲ್ಲಿ ದೇವಸ್ಥಾನಕ್ಕೆ ಎನ್ನುತ್ತಿದ್ದೆ.

ನಮ್ಮವರು, ಪುರುಷೋತ್ತಮ, ಅದೇ ಕೆರೆಯ ರಕ್ಷಣಾ ಸಮಿತಿಯ ಕಾರ್ಯದರ್ಶಿ. ನಿವೃತ್ತರಾದ ಮೇಲೆ ಅವರಿಗೆ ಕಾನೂನಿನ ಹುಚ್ಚು ಹಿಡಿದಿತ್ತು. ಒಂಬತ್ತನೇ ಶನಿವಾರ ಕಳೆದ ಮೇಲೆ, ಉಪ್ಪಿಟ್ಟು ತಿನ್ನುತ್ತಾ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು. ಮೀಸೆಯ ಕಪ್ಪು ಮೀನು.

"ಆಫ್ರಿಕನ್ ಕ್ಯಾಟ್‌ಫಿಶ್ ಕಣೇ. ನಮ್ ಕೆರೇಲಿ ಸಿಕ್ಕಿದ್ದು. ಬ್ಯಾನ್ ಆಗಿರೋದು. ಒಂದು ಸಲ ಕೆರೆಗೆ ಬಿದ್ರೆ ನಮ್ ಮೀನಿನ ಸಂತಾನಾನೇ ಉಳಿಸಲ್ಲ. ಆ ನಾರಾಯಣಪ್ಪ ಕದ್ದು ಸಾಕ್ತಿದಾನೆ. ಕಂಪ್ಲೇಂಟ್ ಬರೀತೀನಿ."

ನಾರಾಯಣಪ್ಪ ಕೆರೆಯ ಮೀನಿನ ಟೆಂಡರು ಹಿಡಿದವನು. ಮಳೆಗಾಲದಲ್ಲಿ ಕಾಟ್ಲಾ, ರೋಹು ಮರಿ ಬಿಟ್ಟು, ವರ್ಷವಿಡೀ ಕಾಯ್ದು, ಬಲೆ ಹಾಕಿ ಬದುಕುವವನು. ಅವನ ಹೆಂಡತಿ ನರಸಮ್ಮ ಏರಿಯ ಮೇಲೇ ಮೀನು ಮಾರುತ್ತಿದ್ದಳು. ಮೆಟ್ಟಿಲು ಜಾರುತ್ತದೆಂದು ಎಷ್ಟೋ ಸಲ ನನ್ನ ಕೈ ಹಿಡಿದು ಇಳಿಸಿದ್ದಳು. ನಾನು ಬಿಟ್ಟಿದ್ದು ಪುಣ್ಯವಲ್ಲ, ಅವಳ ಅನ್ನಕ್ಕೆ ಕಲ್ಲು ಎಂದು ಅವತ್ತು ಗೊತ್ತಾಯಿತು. ಗೊತ್ತಾಗಿಯೂ ಹತ್ತನೇ ಶನಿವಾರ ಹೋದೆ. ಎರಡು ಬಿಟ್ಟು ಬಂದೆ. ಮಗು ಆ ವಾರ ಇನ್ನೂರು ಗ್ರಾಂ ತೂಕ ಏರಿತ್ತು.

ಗುರುವಾರ ಮೀನುಗಾರಿಕೆ ಇಲಾಖೆಯ ಅಧಿಕಾರಿಗಳು ಬಂದರು. ಬಲೆ ಎಳೆಸಿದಾಗ ಮೀಸೆಯ ಮೀನು ಏಳು ಸಿಕ್ಕವು. ಏರಿಯ ಮೇಲೆ ಸಮಿತಿಯವರ ಜೊತೆ ನಾನೂ ನಿಂತಿದ್ದೆ, ಬಾ ಎಂದು ನಮ್ಮವರೇ ಕರೆತಂದಿದ್ದರು.

"ಸಾರ್, ಇದು ನನ್ ಮರಿಗಳನ್ನೇ ನುಂಗೋ ಮೀನು. ನಾನ್ಯಾಕ್ ಸಾರ್ ಬಿಟ್ಕೊಳ್ಳಿ? ನನ್ ಕೆರೆಗೆ ನಾನೇ ವಿಸ ಹಾಕ್ಕೊಂತೀನಾ?" ಎಂದು ನಾರಾಯಣಪ್ಪ ಒಬ್ಬೊಬ್ಬರ ಮುಂದೆಯೂ ಕೈ ಮುಗಿದ. ನನ್ನ ಮುಂದೆಯೂ.

ಅಧಿಕಾರಿ ಒಳ್ಳೆಯವರೇ. "ಯಾರು ಬಿಟ್ರು ಅಂತ ಯಾರಾದ್ರೂ ನೋಡಿದೀರಾ?" ಎಂದು ಎರಡು ಸಲ ಕೇಳಿದರು. ಇನ್ನೊಂದೇ ಶನಿವಾರ ಬಾಕಿ ಇತ್ತು. ಬಾಯಿ ತೆರೆದರೆ ಆ ಗಾಜಿನೊಳಗಿನ ಉಸಿರು ನಿಂತೇ ಹೋಗುತ್ತದೆ ಅನಿಸಿತು. ಶನಿವಾರ ಕಳೆಯಲಿ, ಎಲ್ಲ ಹೇಳಿಬಿಡುತ್ತೇನೆ ಎಂದು ಮನಸ್ಸಿನಲ್ಲೇ ಆಣೆ ಮಾಡಿದೆ.

ಮಹಜರಿಗೆ ಸಾಕ್ಷಿಗಳ ಸಹಿ ಬೇಕಿತ್ತು. "ವತ್ಸಲಾ, ನೀನೂ ಒಂದು ಸೈನ್ ಹಾಕು" ಎಂದರು ನಮ್ಮವರು. ಹಾಕಿದೆ. ಮೂವತ್ತು ವರ್ಷ ಮಕ್ಕಳ ತಪ್ಪು ಲೆಕ್ಕಕ್ಕೆ ಕೆಂಪು ಗೀಟು ಎಳೆದ ಕೈ ಒಂದಿಷ್ಟೂ ನಡುಗಲಿಲ್ಲ, ಅದೇ ನನಗೆ ಈಗಲೂ ಅಸಹ್ಯ. ಏಳು ಮೀನನ್ನೂ ಗುಂಡಿಗೆ ಹಾಕಿ, ಬ್ಲೀಚಿಂಗ್ ಪೌಡರ್ ಸುರಿದು ಮುಚ್ಚಿದರು. ಗಟ್ಟಿ ಪ್ರಾಣ, ಮಣ್ಣು ತುಂಬಾ ಹೊತ್ತು ಅಲುಗುತ್ತಿತ್ತು. ನರಸಮ್ಮ ಗುಂಡಿಯನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು.

ಹನ್ನೊಂದನೇ ಶನಿವಾರವೂ ಮುಗಿಯಿತು. ಮುಂದಿನ ವಾರ ಮಗು ಮನೆಗೆ ಬಂತು. ಹೇಳಲು ಇನ್ನು ಅಡ್ಡಿಯಿರಲಿಲ್ಲ. ತೊಟ್ಟಿಲ ಶಾಸ್ತ್ರ ಮುಗಿಯಲಿ ಎಂದುಕೊಂಡೆ. ಅದೂ ಮುಗಿಯಿತು. ನಾರಾಯಣಪ್ಪನ ಟೆಂಡರು ರದ್ದಾಯಿತು, ನಮ್ಮವರಿಗೆ ಸಮಿತಿಯವರು ಶಾಲು ಹೊದಿಸಿದರು. ಶಾಲು ಹೊದ್ದವರ ಮುಖ ನೋಡಿ ಇನ್ನೊಂದು ವಾರ ತಳ್ಳಿದೆ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಮಾಡಿದವಳು ನಾನು, ಉಂಡವನು ನಾರಾಯಣಪ್ಪ. ಮಗುವಿಗೋಸ್ಕರ ಸುಮ್ಮನಿದ್ದೆ ಎಂದು ನನಗೆ ನಾನೇ ಹೇಳಿಕೊಂಡಿದ್ದು ಅರ್ಧ ಸುಳ್ಳು.

ಮೊನ್ನೆ ನಾಗರಬಾವಿಯ ಬಸ್‌ಸ್ಟಾಪಿನಲ್ಲಿ ನರಸಮ್ಮ ಸಿಕ್ಕಳು. ಈಗ ನಮ್ಮ ಲೇಔಟಿನ ಮೂರು ಮನೆಗಳಲ್ಲಿ ಪಾತ್ರೆ ತಿಕ್ಕುತ್ತಾಳೆ. ನಾರಾಯಣಪ್ಪ ಮನೆ ಬಿಟ್ಟು ಹೊರಗೆ ಬರುವುದೇ ಇಲ್ಲವಂತೆ.

"ಮೊಮ್ಮಗು ಮನೀಗ್ ಬಂತಂತಲ್ಲ ಅಮ್ಮಾವ್ರೆ? ಕೆಲಸದ್ ಮನೇಲಿ ಹೇಳ್ತಿದ್ರು. ಚೆಂದಾಗೈತಾ?"

"ಚೆನ್ನಾಗಿದೆ."

"ನೀವು ಕ್ಯಾನ್ ಹಿಡ್ಕಂಡು ಬರ್ತಿದ್ದದ್ದು ವಾರ ವಾರ ನೋಡ್ತಿದ್ದೆ. ಏನೋ ಹರಕೆ ಅಂದ್ಕಂಡೆ. ಅವತ್ತು ಸಾಹೇಬ್ರು ಕೇಳ್ದಾಗ ನಾಲ್ಗೆ ತುದೀಗ್ ಬಂದಿತ್ತು. ಯಾವ್ ಮಗೀಗೋ ಏನೋ, ಹರಕೆ ಕೆಡಿಸಿದ್ ಪಾಪ ನಮಗ್ಯಾಕೆ ಅಂತ ನುಂಗ್ಕಂಡೆ. ನಮ್ಮೆಜಮಾನ್ರಿಗೂ ಹೇಳಿಲ್ಲ."

ಅವಳು ಸೀರೆಯ ಅಂಚಿಗೆ ಕೈ ಒರೆಸಿಕೊಳ್ಳುತ್ತಾ, ತಪ್ಪು ಕೇಳುತ್ತಿದ್ದೇನೇನೋ ಎಂಬಂತೆ ಮೆಲ್ಲಗೆ ಕೇಳಿದಳು.

"ಈಗ ಹರಕೆ ಮುಗೀತಲ್ವಾ ಅಮ್ಮಾವ್ರೆ? ಈಗ ಹೇಳ್ಬೋದಲ್ವಾ ನೀವು?"

ಅಷ್ಟರಲ್ಲಿ ಬಸ್ಸು ಬಂತು.

"ನೋಡ್ತೀನಿ ನರಸಮ್ಮ" ಎಂದೆ. ಅದು ನಮ್ಮ ಕಡೆಯ ಬಸ್ಸಲ್ಲ. ಆದರೂ ಹತ್ತಿದೆ.