ಕರ್ಪೂರ ಮುಟ್ಟದ ಮಾತು

ಗೌರಕ್ಕನಿಗೆ ಗಂಡನ ಬಗ್ಗೆ ಇದ್ದ ದೂರು ಒಂದೇ, ಆದರೆ ಅದು ಸಣ್ಣದೇನೂ ಆಗಿರಲಿಲ್ಲ. ಹಿಟ್ಟಿನ ಗಿರಣಿಯ ಕಾಶಿನಾಥನಿಗೆ ದೇವರಲ್ಲಿ ನಂಬಿಕೆ ಇರಲಿಲ್ಲ. ಕುಡಿತವಿಲ್ಲ, ಇಸ್ಪೀಟಿಲ್ಲ, ಹೆಂಡತಿಗೆ ಒಂದು ಏಟು ಹೊಡೆದವನಲ್ಲ, ಗುಡಿಗೆ ಮಾತ್ರ ಹೋಗುತ್ತಿರಲಿಲ್ಲ. ಶಲವಡಿಯಂಥ ಊರಿನಲ್ಲಿ ಇಂಥ ಗಂಡನನ್ನು ಕಟ್ಟಿಕೊಂಡು ತಲೆಯೆತ್ತಿ ಓಡಾಡುವುದು ಹುಡುಗಾಟದ ಮಾತೇ? ಅವಳ ತವರೂ ಅದೇ ಊರು. ತಮ್ಮ ಪ್ರಭು ಬಸವಣ್ಣನ ಗುಡಿಯ ಕಮಿಟಿಯಲ್ಲಿದ್ದವನು, ಹಣೆ ತುಂಬ ವಿಭೂತಿ. "ಮಾವಾರು ಇವತ್ತರೆ ಗುಡಿಗೆ ಬರ್ತಾರೇನಬೇ ಅಕ್ಕಾ?" ಎಂದು ಅವನು ನಾಲ್ಕು ಮಂದಿಯ ಎದುರು ಕೇಳಿದಾಗಲೆಲ್ಲ ಗೌರಕ್ಕನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು.

ಈ ಸಲ ಪ್ರಭುವಿನ ಹೊಲದಲ್ಲಿ ಕಡಲೆ ಸೊಗಸಾಗಿ ಎದ್ದಿತ್ತು. ಒಂದು ಬೆಳಿಗ್ಗೆ ನೋಡಿದರೆ ಅರ್ಧ ಹೊಲ ಮೇದು ಹೋಗಿದೆ. ಪ್ರಭು ಹಿಂದೆ ಮುಂದೆ ನೋಡದೆ ಕುರಿಗಾರ ಮಾಳಪ್ಪನ ಹಿಂಡನ್ನು ಹೊಡೆದುಕೊಂಡು ಬಂದು ತನ್ನ ದೊಡ್ಡಿಯಲ್ಲಿ ಕೂಡಿ ಹಾಕಿದ. ಮಾಳಪ್ಪನ ಕುರಿ ಇನ್ನು ಈ ಊರಿನ ಯಾವ ಹೊಲದಲ್ಲೂ ತಂಗಬಾರದು, ಅವನು ಸೀಮೆ ದಾಟಿ ಹೋಗಬೇಕು ಎಂದು ಹಟ ಹಿಡಿದ. ಹೊಲದಲ್ಲಿ ಹಿಂಡು ತಂಗಿಸಿ, ಅದರ ಗೊಬ್ಬರಕ್ಕೆ ರೈತರು ಕೊಡುವ ಕಾಳಿನಲ್ಲೇ ಮಾಳಪ್ಪನ ಸಂಸಾರ ನಡೆಯುತ್ತಿತ್ತು. ಸೀಮೆ ದಾಟಿಸುವುದೆಂದರೆ ಅವನ ಒಲೆಗೆ ನೀರು ಸುರಿದಂತೆ.

ಆದರೆ ಅಂದು ನಸುಕಿನಲ್ಲಿ ಹೊಲಕ್ಕೆ ಹೋಗಿದ್ದ ಕಾಶಿನಾಥ ಕಂಡದ್ದೇ ಬೇರೆ. ಕಡಲೆಯಲ್ಲಿ ಮೇಯುತ್ತಿದ್ದದ್ದು ಪ್ರಭುವಿನ ಸ್ವಂತ ಎತ್ತುಗಳು, ಹಗ್ಗ ಹರಿದುಕೊಂಡು ಬಂದವು. ಅವುಗಳನ್ನು ಹಿಡಿದು ಪ್ರಭುವಿನ ಕೊಟ್ಟಿಗೆಯ ಗ್ವಾದಲಿಗೆ ಕಟ್ಟಿ ಬಂದವನು ಅವನೇ. ಕುರಿ ಕೂಡಿ ಹಾಕಿದ ಸುದ್ದಿ ತಿಳಿದ ಕೂಡಲೇ ಪ್ರಭುವಿಗೆ ಹೋಗಿ ಹೇಳಿದ. ಅಷ್ಟರಲ್ಲಿ ಪ್ರಭು ಊರ ತುಂಬ ಕೂಗಾಡಿ ಆಗಿತ್ತು. ಬಾಯಿಂದ ಹೋದ ಮಾತನ್ನು ಮರಳಿ ನುಂಗುವ ಗಂಟಲು ಅವನಿಗಿರಲಿಲ್ಲ. "ಹಂಗಾರ ಬಸವಣ್ಣನ ಮುಂದ ಕರ್ಪೂರ ಆರಿಸೂಣು ಬರ್ರಿ ಮಾವಾರ," ಅಂದ.

ಆ ಊರಿನ ಪದ್ಧತಿ ಹಾಗೆ. ತಲೆಯ ಮೇಲೆ ಕೊಡ ನೀರು ಸುರಿದುಕೊಂಡು, ಹಸಿ ಬಟ್ಟೆಯಲ್ಲಿ ಹೊಸ್ತಿಲ ಮುಂದೆ ನಿಂತು, ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ ಹೇಳಿದ್ದು ಖರೆ. ಆರಿಸಲಾರದವನು ಸುಳ್ಳ. ಕಾಶಿನಾಥ ಆರಿಸುವುದಿಲ್ಲ ಎಂಬುದು ಪ್ರಭುವಿಗೆ ಚೆನ್ನಾಗಿ ಗೊತ್ತಿತ್ತು.

ಗುಡಿಯ ಹಾದಿಯಲ್ಲಿ ಗೌರಕ್ಕ ಗಂಡನನ್ನು ಬೇಡಿಕೊಂಡಳು. "ಮಾಳಪ್ಪನ ಸಲುವಾಗರೆ ಒಮ್ಮಿ ಕೈ ಇಡ್ರಿ. ನಿಮಗ ಅದು ಬರೇ ಬೆಂಕಿ ಹೌದಿಲ್ಲೊ?"

"ಹೌದು. ನಾ ನಂಬಲಾರದ್ದರ ಹೆಸರಲೆ ನನ್ನ ನಂಬ್ರಿ ಅಂದ್ರ ಅದ ಸುಳ್ಳಾತಲ್ಲ," ಅಂದ ಕಾಶಿನಾಥ. "ಖರೆ ಹೇಳಾಕ ಹೊಂಟಾಂವ ಸುಳ್ಳಿನಿಂದ ಶುರು ಮಾಡ್ಲೇನು?"

ಇಂಥವನ ಜೊತೆ ವಾದ ಮಾಡಿ ಗೆದ್ದವರುಂಟೇ? ಗೌರಕ್ಕ ಸೆರಗು ಬಿಗಿದುಕೊಂಡು ಸುಮ್ಮನೆ ನಡೆದಳು.

ಗುಡಿಯ ಮುಂದೆ ಊರೇ ನೆರೆದಿತ್ತು. ಪ್ರಭು ಹಸಿ ಧೋತರದಲ್ಲಿ ಬಂದು, "ಮೇದದ್ದು ಮಾಳಪ್ಪನ ಕುರಿ," ಎಂದು ಹೇಳಿ, ಕರ್ಪೂರದ ಮೇಲೆ ಅಂಗೈ ಒತ್ತಿದ. ಕರ್ಪೂರ ಆರಿತು. ಎತ್ತಿನ ವಿಷಯ ತಿಳಿದೂ ತಿಳಿದೂ ಗೌರಕ್ಕನ ಬೆನ್ನಿಗೆ ಹುಟ್ಟಿದ ತಮ್ಮ ಬಸವಣ್ಣನ ಮುಖ ನೋಡಿ ಸುಳ್ಳು ಹೇಳಿದ್ದ.

ಕಾಶಿನಾಥ ಮೆಟ್ಟಿಲ ಕೆಳಗೇ ನಿಂತು ತಾನು ಕಂಡದ್ದನ್ನು ಹೇಳಿದ. ಕರ್ಪೂರಕ್ಕೆ ಕೈ ಒಡ್ಡಲಿಲ್ಲ. ನ್ಯಾಯ ಹೇಳಲು ಕೂತಿದ್ದ ಹಿರಿಯ ಮಡಿವಾಳೆಪ್ಪ ಗಡ್ಡ ಕೆರೆದುಕೊಂಡ. "ದೇವರ ಅಂಜಿಕಿನ ಇಲ್ಲ ನಿನಗ. ಮ್ಯಾಲೆ ಅಂವಾ ನಿನ್ನ ಹೆಂಡ್ತಿ ತಮ್ಮ, ಒಳಗ ಏನ್ ಮನಿ ಜಗಳ ಐತೊ ಯಾರಿಗೆ ಗೊತ್ತು. ನೀ ಯಾಕ ಖರೆ ಹೇಳ್ತಿ ಅಂತ ನಂಬೂಣು?"

"ಎತ್ತು ಕಂಡ್ನಿ, ಎತ್ತು ಅಂದ್ನಿ. ಕುರಿ ಅಂದ್ರ ಮಾಳಪ್ಪ ಊರು ಬಿಡಬೇಕಾಗ್ತೈತಿ. ಇದಕ್ಕಿಂತ ಬ್ಯಾರೆ ಕಾರಣ ಏನ್ ಬೇಕ್ರಿ?"

ಮಂದಿ ಗುಜುಗುಜು ಅಂದರು. ಮಡಿವಾಳೆಪ್ಪ ಕೆಟ್ಟವನಲ್ಲ, ಪದ್ಧತಿ ಬಿಡಲಾರದವನು. ಅವನೇ ಒಂದು ದಾರಿ ತೆಗೆದ. "ಗೌರಕ್ಕ ಸೋಮವಾರ ಹಿಡದಾಕಿ, ದಿನಾ ಲಿಂಗಪೂಜಿ ಮಾಡಾಕಿ. ಗಂಡನ ಮಾತು ಖರೆ ಅಂತ ಆಕಿ ಕರ್ಪೂರ ಆರಿಸಿದ್ರ ನಾವು ಒಪ್ತೀವಿ."

ಮಾಳಪ್ಪ ಕೈ ಮುಗಿದು ಅವಳನ್ನೇ ನೋಡುತ್ತಿದ್ದ. ಗೌರಕ್ಕ ನೀರು ಹೊಯ್ದುಕೊಂಡು ಹೊಸ್ತಿಲಿಗೆ ಬಂದಳು. ಗಂಡ ಸುಳ್ಳು ಹೇಳುವವನಲ್ಲ ಎಂಬುದು ಹಗಲಿನಷ್ಟು ಖರೆ. ಹೆದರುವಂಥದ್ದು ಏನೂ ಇರಲಿಲ್ಲ. ಹೊಸ ಕರ್ಪೂರ ಹಚ್ಚಿದರು. ಕೈ ಎತ್ತಿದಳು.

ಎತ್ತಿದ ಕೈ ಅಲ್ಲೇ ನಿಂತಿತು. ತಮ್ಮನ ಸುಳ್ಳಿಗೂ ಗಂಡನ ಖರೆಗೂ ಒಂದೇ ಮುದ್ರೆ ಒತ್ತುವುದೇ? ಇವತ್ತು ತಾನು ಅಂಗೈ ಒತ್ತಿದರೆ ನಾಳೆಯಿಂದ ಕಾಶಿನಾಥನ ಮಾತು ಹೆಂಡತಿಯ ಅಂಗೈ ಮೇಲೆ ನಿಂತ ಮಾತಾಗುತ್ತದೆ. ಯಾರ ಆಸರೆಯೂ ಇಲ್ಲದೆ ಅದು ಮೂವತ್ತು ವರ್ಷ ನೆಟ್ಟಗೆ ನಿಂತಿತ್ತಲ್ಲ. ಅವಳಿಗೆ ಸಿಟ್ಟು ಬಂತು.

"ನಾ ಮುಟ್ಟೂದಿಲ್ರಿ," ಅಂದಳು.

ಮಾಳಪ್ಪನ ಮುಖ ಇಳಿದುಹೋಯಿತು. ಪ್ರಭು ಮೀಸೆಯಲ್ಲೇ ನಕ್ಕ.

ಗೌರಕ್ಕ ಮಂದಿಯ ಕಡೆ ತಿರುಗಿದಳು. "ವರ್ಷಾ ಚಕ್ಕಡಿ ಹೂಡ್ಕೊಂಡು ಉಳವಿಗೆ ಹೋಗ್ತೀರಿ. ಮನಿ ಕೀಲಿ ಯಾರ ಕೈಯಾಗ ಕೊಡ್ತೀರಿ?"

ಉಳವಿಯ ಯಾತ್ರೆಗೆ ಓಣಿಗೆ ಓಣಿಯೇ ಹೊರಟಾಗ ಊರಲ್ಲಿ ಉಳಿಯುವವನು ಕಾಶಿನಾಥನೊಬ್ಬ. ಎಲ್ಲರ ಕೀಲಿ ಗೊಂಚಲುಗಳೂ ಗಿರಣಿಯ ಗೂಟಕ್ಕೆ ಜೋತು ಬಿದ್ದಿರುತ್ತಿದ್ದವು.

"ಸಣ್ಣಪ್ಪಣ್ಣ, ನಿನ್ನ ಎಮ್ಮಿ ಈದದ್ದು ಯಾರ ಕೈಯಾಗ? ಮಡಿವಾಳೆಪ್ಪಜ್ಜಾರ, ನಿಮ್ಮ ತಿಜೋರಿ ಕೀಲಿ ಎಲ್ಲಿ ಇತ್ರಿ? ಕೊಡೂ ಮುಂದ ಯಾರ್ಯಾರು ಕರ್ಪೂರ ಹಚ್ಚಿದ್ರಿ ಹೇಳ್ರಿ." ಅವಳ ಧ್ವನಿ ಏರಿತು. "ನಾ ಕದಿಯೂದಿಲ್ಲ, ದೇವರು ನೋಡ್ತಾನಂತ. ಅವರು ಯಾರೂ ನೋಡದಿದ್ರೂ ಕದಿಯೂದಿಲ್ಲ. ಅವರ ಮಾತಿಗೆ ನನ್ನ ಆಣಿ ಹಚ್ಚಿದ್ರ ಅವರ ಮಾತ ಸಣ್ಣದಾಗ್ತೈತಿ."

ಮೊದಲು ನಕ್ಕವನು ಸಣ್ಣಪ್ಪ. "ಅವಳಿ ಕರಾ ಹಾಕಿತ್ತು. ಎರಡನ್ನೂ ಕೊಟ್ಟಾನ್ರೆಪಾ," ಅಂದ. ನಗು ಹಿಂದಿನ ಸಾಲಿನವರೆಗೆ ಹೋಯಿತು.

ಮಡಿವಾಳೆಪ್ಪ ಎದ್ದು ನಿಂತ. "ನಂದೂ ಕೊಟ್ಟಿದ್ದೆ," ಎಂದು ಒಪ್ಪಿಕೊಂಡ. "ಪ್ರಭು, ದೊಡ್ಡಿ ಬಾಗಿಲಾ ತಗಿ."

"ಮತ್ತ ನಾ ಮಾಡಿದ ಆಣಿ?"

"ಅದು ನಿನಗ, ಬಸವಣ್ಣಗ ಬಿಟ್ಟದ್ದು. ಕುರಿ ಮಾಳಪ್ಪಂದು."

ಪ್ರಭು ಅಕ್ಕನ ಕಡೆ ನೋಡದೆ ಹೋದ. ಅದು ಅವಳಿಗೆ ಚುಚ್ಚಿತು, ಸುಳ್ಳೇಕೆ. ಆದರೂ ಹಸಿ ಸೀರೆಯಲ್ಲೇ ಮೆಟ್ಟಿಲಿಳಿದು, ದೇವರಿಲ್ಲವೆನ್ನುವ ಗಂಡನ ಬಾಜು ಬಾಜುವಿಗೆ, ಊರ ನಡುವಿನ ಹಾದಿಯಲ್ಲಿ ನಡೆಯುವಾಗ ಅವಳಿಗಾದ ಹೆಮ್ಮೆ ಮದುವೆಯ ದಿನವೂ ಆಗಿರಲಿಲ್ಲ.

"ನೀ ಮುಟ್ಟಿದ್ರ ಕೆಲಸ ಜಲ್ದಿ ಮುಗೀತಿತ್ತು," ಅಂದ ಕಾಶಿನಾಥ.

"ಸುಮ್ನ ನಡೀರಿ," ಅಂದಳು.

ಮೂವತ್ತು ವರ್ಷದಿಂದ ಅವಳ ಪೂಜೆಯ ಕಡೆಯ ಮಾತು ಒಂದೇ ಆಗಿತ್ತು: ನಮ್ಮ ಮನಿಯವರಿಗೆ ಒಳ್ಳೆ ಬುದ್ಧಿ ಕೊಡಪಾ ತಂದೆ. ಅಂದು ಸಂಜೆ ಲಿಂಗವನ್ನು ಅಂಗೈ ಮೇಲಿಟ್ಟುಕೊಂಡು ಆ ಮಾತಿನವರೆಗೆ ಬಂದು ತಡೆದಳು.

"ನಮ್ಮ ಪ್ರಭುಗ ಒಳ್ಳೆ ಬುದ್ಧಿ ಕೊಡಪಾ ತಂದೆ," ಅಂದಳು. ಗಂಡನ ಸಲುವಾಗಿ ಕೇಳುವುದು ಏನೂ ಉಳಿದಿರಲಿಲ್ಲ.